ಇರುವೆ ಮುತ್ತಿದ ಶೂ

ಎಡಗಾಲಿನ ಶೂ ಮುಟ್ಟಿದ್ದೇ ತಡ, ಬಟಾಣಿ ಕೈ ಕೊಡವಿಕೊಂಡಳು. ಬೆರಳ ತುಂಬ ಇರುವೆ!

"ಅಮ್ಮಾ, ನಿನ್ನ ಹೊಸ ಸೋಲ್‌ಗೆ ಗಿರಾಕಿಗಳು ಬಂದಿದಾರೆ ನೋಡು."

ಅಮ್ಮ ಶೂ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟಾಣಿಯ ಎಡಗಾಲು ಬಲಗಾಲಿಗಿಂತ ಎರಡು ಬೆರಳಷ್ಟು ಗಿಡ್ಡ. ಅದಕ್ಕೇ ಆ ಶೂವಿಗೆ ದಪ್ಪ ರಬ್ಬರ್ ಸೋಲ್. ಅದೋ ಕಲ್ಲಿನಂಥ ಭಾರ. ಸ್ವಲ್ಪ ಓಡುವಷ್ಟರಲ್ಲಿ ಕಾಲು ಸೋತುಹೋಗುತ್ತಿತ್ತು. ಗೇಮ್ಸ್ ಪೀರಿಯಡ್‌ನಲ್ಲಿ ಸ್ಕೋರ್ ಬರೆಯುವ ಕೆಲಸ ಯಾವಾಗಲೂ ಅವಳದೇ. ಅಮ್ಮ ಒಮ್ಮೆ ಸೋಲನ್ನು ಟೊಳ್ಳು ಮಾಡಿ ನೋಡಿದ್ದಳು. ಒಂದೇ ದಿನಕ್ಕೆ ಅಪ್ಪಚ್ಚಿಯಾಯಿತು.

ಉಪಾಯ ಸಿಕ್ಕಿದ್ದು ಬೀದಿನಾಯಿಯಿಂದ. ಅದು ಕಡಿದು ಬಿಟ್ಟುಹೋದ ಒಣ ಮೂಳೆಯ ತುದಿ ಸೀಳಿತ್ತು. ಹೊರಗೆ ಗಟ್ಟಿ, ಒಳಗೆ ಸ್ಪಂಜಿನ ಹಾಗೆ ತೂತೋ ತೂತು. ಎತ್ತಿದರೆ ಹಗುರ, ಮೇಲೆ ಹತ್ತಿ ನಿಂತರೂ ಮುರಿಯಲಿಲ್ಲ. ಬಟಾಣಿ ಅದನ್ನು ಅಮ್ಮನಿಗೆ ತೋರಿಸಿದಳು.

ಅಮ್ಮ ತಿರುಗಿಸಿ ತಿರುಗಿಸಿ ನೋಡಿ, ಸಕ್ಕರೆ ಡಬ್ಬಿ ತಂದಳು. ರಬ್ಬರ್ ದ್ರವಕ್ಕೆ ಸಕ್ಕರೆ ಬೆರೆಸಿ ಅಚ್ಚಿಗೆ ಹೊಯ್ದಳು. ಗಟ್ಟಿಯಾದ ಮೇಲೆ ನೀರಲ್ಲಿ ನೆನೆಸಿದಳು. ಸಕ್ಕರೆ ಕರಗಿದ ಕಡೆಯೆಲ್ಲ ತೂತು ಉಳಿಯುತ್ತದೆ ಎಂದು ಅವಳ ಲೆಕ್ಕ.

ಈಗ ನೋಡಿದರೆ ಇರುವೆ. ಅಮ್ಮ ಸೋಲ್ ಕತ್ತರಿಸಿದಳು. ಅಂಚಿನಲ್ಲಷ್ಟೇ ತೂತು, ನಡುವೆ ಸಕ್ಕರೆ ಹಾಗೇ ಮಿನುಗುತ್ತಿತ್ತು. ಸಕ್ಕರೆ ಜಾಸ್ತಿಯಾಯಿತೇನೋ ಎಂದು ಅಮ್ಮ ಪೆಚ್ಚಾಗಿ ಕೂತಳು.

ಬಟಾಣಿ ಮೂಳೆಯ ಮೇಲೆ ಒಂದು ಹನಿ ಇಂಕು ಬಿಟ್ಟಳು. ಅದು ತೂತಿನಿಂದ ತೂತಿಗೆ ಇಳಿದು ಆಚೆ ಬದಿಯಲ್ಲಿ ಮುಖ ತೋರಿಸಿತು.

"ಜಾಸ್ತಿ ಅಲ್ಲಮ್ಮ, ಕಮ್ಮಿ ಆಗಿದೆ. ಒಂದೊಂದು ಕಾಳೂ ಒಂಟಿಯಾಗಿ ಸಿಕ್ಕಿಹಾಕ್ಕೊಂಡಿದೆ. ನೀರು ಒಳಗೆ ಹೋಗೋಕೆ ದಾರೀನೇ ಇಲ್ಲ. ಎಲ್ಲ ಕಾಳೂ ಒಂದಕ್ಕೊಂದು ತಾಗಿರ್ಬೇಕು."

"ಹಾಗಾದ್ರೆ ಡಬ್ಬಿ ಪೂರ್ತಿ ಖಾಲಿ ಆಗತ್ತಲ್ಲೇ."

"ಆಗ್ಲಿ ಬಿಡು. ಟೀ ಸಪ್ಪೆ ಕುಡಿಯೋಣ."

ಸಪ್ಪೆ ಟೀ ಕುಡಿದು ಇಬ್ಬರೂ ಮುಖ ಕಿವಿಚಿದರು. ಸಕ್ಕರೆಗೆ ಚೂರು ನೀರು ಚಿಮುಕಿಸಿ, ಅಚ್ಚಿನಲ್ಲಿ ಒತ್ತಿ ತುಂಬಿ ಒಣಗಿಸಿದರು. ಮೂಳೆಯ ಹಾಗೆ ಹೊರಗೆ ಗಟ್ಟಿ ಇರಲೆಂದು ಸುತ್ತಲೂ ಅಂಚಿನಲ್ಲಿ ಬರೀ ರಬ್ಬರ್‌ಗೆ ಜಾಗ ಬಿಟ್ಟಿದ್ದರು. ಆಮೇಲೆ ರಬ್ಬರ್ ಹೊಯ್ದು, ಅದು ಮೆಲ್ಲಗೆ ಇಳಿಯುವವರೆಗೆ ಕಾದರು. ಗಟ್ಟಿಯಾದ ಸೋಲನ್ನು ಬಿಸಿನೀರು ಬದಲಿಸಿ ಬದಲಿಸಿ ನೆನೆಸಿದ್ದಾಯಿತು. ಕೊನೆಗೆ ಬಟಾಣಿ ಅದನ್ನು ಇರುವೆಗಳ ದಾರಿಯಲ್ಲಿಟ್ಟಳು. ಅವು ಮೀಸೆ ಆಡಿಸಿ ನೋಡಿ, ತಮ್ಮ ಪಾಡಿಗೆ ಹೊರಟುಹೋದವು. ಅಮ್ಮ ನಕ್ಕು ಸೂಜಿ ಎತ್ತಿಕೊಂಡಳು.

ಮರುದಿನ ಸಂಜೆ ಬಟಾಣಿ ಮೊಣಕಾಲು ತರಚಿಕೊಂಡು, ಮೈಯೆಲ್ಲ ಧೂಳಾಗಿ ಬಂದಳು. ಔಟ್ ಆಗದೆ ಕೊನೆವರೆಗೂ ಉಳಿದದ್ದು, ಪಕ್ಕದ ಕ್ಲಾಸಿನವರು ಜಗಳಕ್ಕೆ ಬಂದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದಳು.

"ಅದ್ಸರಿ, ಶೂ ಹೇಗಿತ್ತು?" ಎಂದು ಅಮ್ಮ ಕೇಳಿದಳು.

"ಶೂನಾ?"

ಬಟಾಣಿ ತನ್ನ ಕಾಲು ನೋಡಿಕೊಂಡಳು. ಆಟ ಶುರುವಾದ ಮೇಲೆ ಅದರ ನೆನಪು ಒಮ್ಮೆಯೂ ಬಂದಿರಲಿಲ್ಲ.

"ಮರ್ತೇಹೋಗಿತ್ತಮ್ಮ," ಎಂದಳು ಮೆಲ್ಲಗೆ.

ಅಮ್ಮ ಹೊಲಿಗೆಯ ದಾರವನ್ನು ಕಚ್ಚಿ ತುಂಡರಿಸುವ ನೆಪದಲ್ಲಿ ಮುಖ ಆಚೆ ತಿರುಗಿಸಿದಳು. ಅಮ್ಮ ಕೇಳಬೇಕೆಂದಿದ್ದ ಉತ್ತರ ಇದೇ ಎಂದು ಬಟಾಣಿಗೆ ಗೊತ್ತಾಯಿತು.