ಜೋಡಿಯವರು ಹೇಳಿದ್ದೇ ಲೆಕ್ಕ

ಲಿಫ್ಟ್ ರಿಪೇರಿ ಮಾಡುವವನು ಬೆಟ್ಟ ಹತ್ತಲು ಬಂದಿದ್ದಾನೆ ಎಂದು ಕೇಳಿ ಅವಳಿಗೆ ಮೊದಲು ಬಂದದ್ದು ನಗು. ತಡೆಯಲು ನೋಡಿದಳು, ಆಗಲಿಲ್ಲ. ಬಾಯಲ್ಲಿದ್ದ ಚಹಾ ಮೂಗಿಗೆ ಹತ್ತಿತು.

"ನಗಿ, ನಗಿ," ಎಂದ ಅವನು, ಬೂಟಿನ ದಾರ ಬಿಗಿಯುತ್ತಲೇ. "ಇಷ್ಟು ವರ್ಷ ಊರಿನವರನ್ನೆಲ್ಲ ಮೇಲಕ್ಕೆ ಕಳಿಸಿದ್ದೀನಿ. ಒಂದ್ಸಲ ನಾನೂ ನಡ್ಕೊಂಡು ಹೋಗಿ ನೋಡೋಣ ಅಂತ."

"ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡ್ರೆ?"

"ನನ್ನ ಕೂಗಿ. ಸಿಕ್ಕಿಹಾಕ್ಕೊಂಡೋರನ್ನ ಇಳಿಸೋದೇ ನನ್ನ ಕೆಲಸ. ನಿಮ್ಮದೇನು?"

"ಬೇಕರಿ. ಅಕ್ಕ ಗಲ್ಲಾದಲ್ಲಿ, ನಾನು ಓವನ್ ಮುಂದೆ."

"ಹಾಗಾದ್ರೆ ಮೇಲೆ ಹೋಗ್ತಾ ಹೋಗ್ತಾ ಮುಖ ಬನ್ನಿನ ಹಾಗೆ ಉಬ್ಬಿದ್ರೆ ನಿಮಗೇನು ಹೊಸದಲ್ಲ ಬಿಡಿ."

ಅಂದಿನಿಂದ ಅವನು ಲಿಫ್ಟು, ಅವಳು ಬೇಕರಿ. ಹಿಮದ ಬೆಟ್ಟದ ಬುಡದ ಆ ಲಾಡ್ಜಿನಲ್ಲಿ ಯಾರಿಗೂ ಇನ್ನೊಬ್ಬರ ನಿಜವಾದ ಹೆಸರು ಬೇಕಿರಲಿಲ್ಲ. ತಂಡದವರೆಲ್ಲ ಒಂದೇ ಊರಿನಿಂದ ಬಂದವರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯರ ಒಂದು ಗುಂಪಿತ್ತು. ರಿಟೈರ್ ಆದ ಬಸ್ ಕಂಡಕ್ಟರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಗೈಡನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ದನಿ ಎತ್ತದೆಯೇ ಹತ್ತು ಜನರನ್ನು ಸುಮ್ಮನಾಗಿಸುವ ವಿದ್ಯೆ ಆ ಮನುಷ್ಯನಿಗೆ ಗೊತ್ತಿತ್ತು.

"ಬೆಟ್ಟದ ಮೇಲೆ ಎಲ್ಲರೂ ಸುಳ್ಳು ಹೇಳ್ತಾರೆ," ಎಂದರು ಮೇಷ್ಟ್ರು. "ಗಾಳಿ ಕಮ್ಮಿಯಾಗಿ ತಲೆ ಸಿಡೀತಿದ್ರೂ ಚೆನ್ನಾಗಿದ್ದೀನಿ ಅಂತಾರೆ. ಅದಕ್ಕೇ ನಾನು ಯಾರನ್ನೂ ಅವರ ಬಗ್ಗೆ ಅವರನ್ನೇ ಕೇಳಲ್ಲ. ಜೋಡಿಯವರನ್ನ ಕೇಳ್ತೀನಿ. ದಿನಾ ಡೇರೆ ಹಾಕಿದ ಮೇಲೆ, ಎಲ್ಲರ ಎದುರಿಗೆ. ಊಟ ಮಾಡಿದ್ರಾ, ನೆಟ್ಟಗೆ ನಡೆದ್ರಾ, ಮಾತು ಸರಿಯಿತ್ತಾ. ಜೋಡಿಯವರು ಹೇಳಿದ್ದೇ ಲೆಕ್ಕ. ಇಳೀಬೇಕು ಅಂದ್ರೆ ಇಳೀಬೇಕು. ಅದರ ಮೇಲೆ ವಾದ ಇಲ್ಲ."

ಬ್ಯಾಂಕಿನವರು ತಮ್ಮ ತಮ್ಮಲ್ಲೇ ಜೋಡಿಯಾದರು. ಕಂಡಕ್ಟರು ಹೆಂಡತಿಯ ಕಡೆ ನೋಡಿ, "ನನ್ನ ಬಗ್ಗೆ ವರದಿ ಕೊಡೋದು ಇವಳಿಗೆ ಮೊದಲಿಂದಲೂ ಅಭ್ಯಾಸ," ಎಂದರು. ಒಂಟಿಯಾಗಿ ಉಳಿದವರು ಲಿಫ್ಟು, ಬೇಕರಿ ಇಬ್ಬರೇ; ಅವರೇ ಒಂದು ಜೋಡಿಯಾದರು.

ಮೊದಲ ಸಂಜೆ ಊಟದ ಡೇರೆಯಲ್ಲಿ ಅವನು ಸಾಕ್ಷಿ ಹೇಳುವವನಂತೆ ಎದ್ದು ನಿಂತ. "ಬೇಕರಿಯವರು ಚೆನ್ನಾಗಿ ನಡೆದ್ರು. ನೀರು ಕುಡಿದಿದ್ದು ಕಮ್ಮಿ. ಮಾತಾಡಿದ್ದು ಜಾಸ್ತಿ."

ಎಲ್ಲರೂ ನಕ್ಕರು. ಅವಳೂ ಬಿಡಲಿಲ್ಲ. "ಲಿಫ್ಟಿನವರು ಊಟ ಮಾಡಿದ್ರು. ನನ್ನ ತಟ್ಟೆಯಲ್ಲಿದ್ದಿದ್ದನ್ನೂ ಸೇರಿಸಿ."

ವರದಿ ಕೊಡಬೇಕಾದರೆ ನೋಡಬೇಕು. ಬೇರೆ ಕಡೆಯಾಗಿದ್ದರೆ ಒಬ್ಬ ಗಂಡಸು ದಿನವಿಡೀ ಹೀಗೆ ತನ್ನನ್ನೇ ನೋಡಿದ್ದಕ್ಕೆ ಅವಳು ಚೆನ್ನಾಗಿ ಉಗಿದು ಕಳಿಸುತ್ತಿದ್ದಳು. ಇಲ್ಲಿ ನೋಡುವುದು ಕರ್ತವ್ಯವಾಗಿಬಿಟ್ಟಿತ್ತು. ತಿರುವಿನಲ್ಲಿ ಅವನು ನಿಂತು ಹಿಂದೆ ತಿರುಗುವುದು, ಕಣ್ಣು ಅವಳ ಕಾಲಿನಿಂದ ಮುಖಕ್ಕೆ ಬಂದು ಅಲ್ಲಿ ಬೇಕಾದುದಕ್ಕಿಂತ ಒಂದು ಗಳಿಗೆ ಹೆಚ್ಚು ನಿಲ್ಲುವುದು, ಆಮೇಲೆ ತನಗೇ ನಾಚಿಕೆಯಾದಂತೆ ಇಬ್ಬರ ಸೊಂಟಕ್ಕೂ ಕಟ್ಟಿದ ಹಗ್ಗವನ್ನು ಸುಮ್ಮನೆ ಎಳೆದು ನೋಡುವುದು. ಗಂಟು ಸರಿಯಾಗಿಯೇ ಇರುತ್ತಿತ್ತು.

ಅವಳೂ ನೋಡಿದಳು. ಸುಸ್ತಾದಾಗ ಅವನು ಮೆಲ್ಲಗೆ ಸಿಳ್ಳೆ ಹಾಕುತ್ತಾನೆ. ಬಿಸಿಲಿನ ಕನ್ನಡಕ ತೆಗೆದರೆ ಕಣ್ಣಿನ ಸುತ್ತ ಮಾತ್ರ ಬೆಳ್ಳಗೆ ಉಳಿದಿರುತ್ತದೆ. ಕೈಗವಸು ಹಾಕುವಾಗ ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾನೆ. ಇದ್ಯಾವುದನ್ನೂ ಅವಳು ಸಂಜೆಯ ವರದಿಯಲ್ಲಿ ಹೇಳಲಿಲ್ಲ.

ಬಂಡೆಯೊಂದರ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಾಗ, ಯಾಕೆ ಬಂದಿರಿ ಎಂದು ಅವನು ಕೇಳಿದ. ಹೇಳಬಾರದು ಎಂದುಕೊಂಡೇ ಅವಳು ಹೇಳಿದಳು. ಮನೆಯಲ್ಲಿ ಅವಳಿಗೆ 'ಅರ್ಧಂಬರ್ಧ' ಎಂದೇ ಅಡ್ಡಹೆಸರು. ಕಾಲೇಜು ಅರ್ಧ, ಡ್ರೈವಿಂಗ್ ಕ್ಲಾಸು ಅರ್ಧ, ಒಂದು ಮದುವೆ ಮಾತುಕತೆಯೂ ಅರ್ಧ. ಭಾವ ಎಲ್ಲರೆದುರು ಆಡಿಕೊಳ್ಳುತ್ತಾನೆ. ಹೊರಡುವಾಗ ಅಕ್ಕ, "ಇದನ್ನಾದ್ರೂ ಮುಗಿಸ್ಕೊಂಡು ಬಾರೇ," ಎಂದಿದ್ದಳು.

"ತುದಿ ಮುಟ್ಟಿ ಒಂದು ಫೋಟೋ. ಅಷ್ಟೇ ನನಗೆ ಬೇಕಾಗಿರೋದು. ಗಲ್ಲಾದ ಹಿಂದೆ ದೊಡ್ಡದಾಗಿ ತೂಗುಹಾಕ್ತೀನಿ. ಭಾವ ದಿನಾ ಬ್ರೆಡ್ ತಗೊಂಡು ಹೋಗುವಾಗ ನೋಡ್ಲಿ."

ಅವನು ನಗಲಿಲ್ಲ. "ಮುಟ್ಟೋಣ," ಎಂದ. ಕೈಯಲ್ಲಿದ್ದ ಬಿಸ್ಕತ್ತಿನ ಪುಡಿ ಕೊಡವಿ, "ಇಳಿದ ಮೇಲೆ ನಿಮಗೊಂದು ಮಾತು ಹೇಳೋದಿದೆ," ಎಂದ.

"ಈಗಲೇ ಹೇಳಿ."

"ಇಲ್ಲಿ ಗಾಳಿ ಕಮ್ಮಿ. ಆಮೇಲೆ ನೀವು, ಪಾಪ ತಲೆ ತಿರುಗಿ ಏನೋ ಅಂದ ಅಂತೀರಿ."

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಕಿವಿಯವರೆಗೂ ಬಂದ ನಗುವನ್ನು ಅವನು ನೋಡಬಾರದಾಗಿತ್ತು. ನೋಡಿದ.

ಮೇಲಿನ ಕ್ಯಾಂಪಿಗೆ ಹೋಗುವ ದಿನ ಬೆಳಿಗ್ಗೆ ಏಳುವಾಗಲೇ ಅವಳ ತಲೆಯೊಳಗೆ ಯಾರೋ ಕುಟ್ಟುತ್ತಿದ್ದರು. ಬಂಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡು ಬಾಯಿ ಒರೆಸಿಕೊಂಡಳು. ಮಧ್ಯಾಹ್ನ ಮತ್ತೆ ಆಯಿತು. ನೆಲ ಒಂದು ಕಡೆಗೆ ವಾಲಿದಂತಿತ್ತು. ಎಡಗೈಯ ಗವಸನ್ನು ಬಲಗೈಗೆ ತೂರಿಸಲು ಒದ್ದಾಡುತ್ತಿದ್ದಾಗ ತಲೆ ಎತ್ತಿದರೆ ಅವನು ನೋಡುತ್ತಾ ನಿಂತಿದ್ದ.

"ಇನ್ನೆಷ್ಟು ದೂರ?" ಎಂದಳು.

"ಈಗ ತಾನೇ ಕೇಳಿದ್ರಿ."

"ಕೇಳಿದ್ನಾ?" ಅವಳು ಅವನ ತೋಳು ಹಿಡಿದುಕೊಂಡಳು. ಅಷ್ಟು ದಿನಗಳಲ್ಲಿ ಅವಳಾಗಿ ಅವನನ್ನು ಮುಟ್ಟಿದ್ದು ಅದೇ ಮೊದಲು. "ಹೇಳಬೇಡಿ. ನಾಳೆ ಒಂದು ದಿನ ಅಷ್ಟೇ ತಾನೇ? ನಿಮ್ಮ ಕಾಲಿಗೆ ಬೀಳ್ತೀನಿ. ಚೆನ್ನಾಗಿದ್ದಾರೆ ಅಂತ ಒಂದು ಮಾತು ಹೇಳಿಬಿಡಿ."

ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅವಳ ಚೀಲವನ್ನು ತನ್ನ ಚೀಲದ ಮೇಲೆ ಕಟ್ಟಿಕೊಂಡು ಅವಳ ಹಿಂದೆಯೇ ನಡೆದ. ಅದನ್ನೇ ಅವಳು ಒಪ್ಪಿಗೆ ಎಂದುಕೊಂಡಳು.

ಅಂದು ಬಿಸಿಲಿರುವಾಗಲೇ ಡೇರೆ ಹಾಕಿಯಾಗಿತ್ತು. ಮೇಷ್ಟ್ರು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಸೂಪಿನ ಬಟ್ಟಲು ಹಿಡಿದು, ಮುಖದ ತುಂಬಾ ನಗು ಅಂಟಿಸಿಕೊಂಡು ಕೂತಿದ್ದಳು.

"ಊಟ ಮಾಡಿಲ್ಲ," ಎಂದ ಅವನು. ಈ ಸಲ ಎದ್ದು ನಿಲ್ಲಲಿಲ್ಲ, ಅವಳ ಕಡೆ ನೋಡಲೂ ಇಲ್ಲ. "ಎರಡು ಸಲ ವಾಂತಿಯಾಗಿದೆ. ನೆಟ್ಟಗೆ ನಡೀತಿಲ್ಲ. ಕೇಳಿದ್ದನ್ನೇ ಕೇಳ್ತಿದ್ದಾರೆ. ಇಳಿಸಬೇಕು ಮೇಷ್ಟ್ರೇ. ಈಗಲೇ."

ಕಂಡಕ್ಟರ ಹೆಂಡತಿ ಮೆಲ್ಲಗೆ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡರು.

ಹೊರಗೆ ಅವಳನ್ನು ಇಳಿಸಲು ಸಹಾಯಕ ಗೈಡ್ ಸಿದ್ಧನಾಗುತ್ತಿದ್ದಾಗ ಲಿಫ್ಟಿನವನು ಓಡಿಬಂದ. "ನಾನೂ ಬರ್ತೀನಿ."

"ಯಾಕೆ? ನಾನು ಬಿದ್ದದ್ದನ್ನ ಕೆಳಗಿನವರಿಗೂ ವರದಿ ಮಾಡೋಕಾ?"

"ಹಾಗಲ್ಲ..."

"ನಿಮಗೊಬ್ಬರಿಗೇ ನಾನು ಹೇಳಿದ್ದು. ನನ್ನ ಪಾಲಿಗೆ ಇದೇನು ಅಂತ ಗೊತ್ತಿದ್ದೂ ಎಲ್ಲರೆದುರು ನನ್ನ ಮುಗಿಸಿಬಿಟ್ರಿ. ಮೇಲೆ ಹೋಗಿ. ತುದಿ ಮುಟ್ಟಿ ಕುಣೀರಿ. ಇನ್ನೊಂದ್ಸಲ ಮಾತ್ರ ನನಗೆ ನಿಮ್ಮ ಮುಖ ತೋರಿಸಬೇಡಿ."

ಅವನು ಬಗ್ಗಿ, ಹಗ್ಗ ಕಟ್ಟುವ ಅವಳ ಸೊಂಟದ ಪಟ್ಟಿಯನ್ನು ಬಿಗಿ ಮಾಡಿದ. ಅಷ್ಟು ಮಾಡಲು ಅವಳು ಬಿಟ್ಟಳು, ಬೇರೆಲ್ಲೋ ನೋಡುತ್ತಾ. ಆಮೇಲೆ ಹಿಂದೆ ತಿರುಗದೆ ಇಳಿದಳು.

ಇಳಿಯುತ್ತಾ ಹೋದಂತೆ ಗಾಳಿ ಗಟ್ಟಿಯಾಯಿತು, ತಲೆ ತಿಳಿಯಾಯಿತು. ದಾರಿಯ ಡೇರೆಯಲ್ಲಿ ಒಂದು ರಾತ್ರಿ ಸತ್ತಂತೆ ಮಲಗಿದಳು. ಮರುದಿನ ಲಾಡ್ಜು ತಲುಪಿ ಹೊಟ್ಟೆ ತುಂಬಾ ಊಟ ಮಾಡುವಾಗ, ಇನ್ನೊಂದು ರಾತ್ರಿ ಅಲ್ಲೇ ಇದ್ದಿದ್ದರೆ ತಾನು ಏಳುತ್ತಿರಲಿಲ್ಲವೇನೋ ಎಂದು ಅವಳಿಗೇ ಅನ್ನಿಸಿತು. ಸಿಟ್ಟಿಗೆ ಕಾರಣ ಉಳಿದಿರಲಿಲ್ಲ. ಕಾರಣ ಹೋದರೂ ಸಿಟ್ಟು ಮಾತ್ರ ಕೂತ ಜಾಗ ಬಿಟ್ಟೇಳಲಿಲ್ಲ.

"ಇದ್ದು ಹೋಗಮ್ಮ," ಎಂದಳು ಲಾಡ್ಜು ನಡೆಸುವ ಅಜ್ಜಿ, ಚಹಾ ಲೋಟ ಮುಂದಿಟ್ಟು. "ನಿನ್ನ ಜನ ಇಳಿದು ಬರ್ತಾರೆ. ಒಟ್ಟಿಗೆ ಹೋಗುವಿರಂತೆ."

ತರಕಾರಿ ತಂದ ಜೀಪು ವಾಪಸು ಹೊರಟಿತ್ತು. ಒಂದು ಕಾಲು ಜೀಪಿನಲ್ಲಿ, ಒಂದು ಕಾಲು ನೆಲದ ಮೇಲೆ ಇಟ್ಟು ಅವಳು ನಿಂತಳು. ಅವರೆಲ್ಲ ಗೆದ್ದ ಮುಖ ಹೊತ್ತು ಬರುತ್ತಾರೆ. ಅವನು ಕನಿಕರದಿಂದ ನೋಡುತ್ತಾನೆ. ಆ ಕನಿಕರವನ್ನು ಎದುರಿಸುವುದಕ್ಕಿಂತ ಹೋಗುವುದೇ ಮೇಲು ಎನ್ನಿಸಿತು. ಕಾಯಬೇಕು ಎಂದು ಮನಸ್ಸು ಹೇಳುತ್ತಲೇ ಇತ್ತು. ಅವಳು ಹತ್ತಿ ಕೂತಳು. ದಾರಿಯಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಿದ್ದೇ ತಡ, ತಂಡದ ವಾಟ್ಸಾಪ್ ಗುಂಪಿನಿಂದ ಹೊರಬಂದಳು.

ಬೇಕರಿಯಲ್ಲಿ ತಿಂಗಳುಗಳು ಹೋದವು. ಅಕ್ಕ ಅಚ್ಚರಿಯೆನ್ನುವಂತೆ ಒಂದು ಮಾತೂ ಚುಚ್ಚಲಿಲ್ಲ. ಭಾವ ಬಾಯಿ ತೆರೆದಾಗಲೆಲ್ಲ ಅಕ್ಕನೇ ಗದರಿಸಿ ಮುಚ್ಚಿಸಿದಳು. ಬೇಕರಿ ಎಲ್ಲಿದೆ ಎಂದು ಬೆಟ್ಟದಲ್ಲೇ ಅವನಿಗೆ ಹೇಳಿದ್ದೇನೆ, ಬೇಕಿದ್ದರೆ ಅವನೇ ಬರಲಿ ಎಂದು ಅವಳು ದಿನಕ್ಕೊಂದು ಸಲ ತನಗೆ ಹೇಳಿಕೊಳ್ಳುತ್ತಿದ್ದಳು. ಬೀದಿಯಲ್ಲಿ ಲಿಫ್ಟ್ ಕಂಪನಿಯ ವ್ಯಾನ್ ನಿಂತರೆ ಓವನ್‌ನಲ್ಲಿ ಬನ್ನು ಕರಕಲಾಗುತ್ತಿತ್ತು.

ಒಂದು ದಿನ ಕಂಡಕ್ಟರು ಹೆಂಡತಿಯೊಡನೆ ಬಂದರು, ಮದುವೆ ವಾರ್ಷಿಕೋತ್ಸವಕ್ಕೆ ಕೇಕು ಹೇಳಲು. ಅವಳನ್ನು ಕಂಡು ಇಬ್ಬರಿಗೂ ಖುಷಿಯೋ ಖುಷಿ. ಫೋನ್ ತೆಗೆದು ತುದಿಯ ಮೇಲಿನ ಫೋಟೋ ತೋರಿಸಿದರು. ಬ್ಯಾಂಕಿನವರು, ಮೇಷ್ಟ್ರು, ಹಲ್ಲು ಕಿರಿದ ಕಂಡಕ್ಟರು, ಅಳುತ್ತಿದ್ದ ಅವರ ಹೆಂಡತಿ. ಅವಳು ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

"ಲಿಫ್ಟಿನವರು ಇಲ್ವಲ್ಲ? ಫೋಟೋ ತೆಗೆದಿದ್ದು ಅವರಾ?"

"ಅವನೆಲ್ಲಿ ಬಂದ!" ಎಂದರು ಕಂಡಕ್ಟರು. "ನೀವು ಇಳಿದ ಮಾರನೇ ಬೆಳಿಗ್ಗೆ ಮೇಷ್ಟ್ರ ಹತ್ರ ಜಗಳ ಮಾಡ್ಕೊಂಡು ಅಡುಗೆಯವನ ಜೊತೆ ಇಳಿದುಬಿಟ್ಟ. ತುದಿ ಕಣ್ಣೆದುರಿಗಿತ್ತು ಕಣಮ್ಮ. ಒಂದ್ಸಲ ತಿರುಗಿಯೂ ನೋಡಲಿಲ್ಲ. ಯಾಕೆ, ನಿಮಗೆ ಸಿಗಲಿಲ್ವಾ?"

ಅವಳು ಕೇಕಿನ ಮೇಲೆ ಏನು ಬರೆಯಬೇಕು ಎಂದು ಕೇಳುವುದನ್ನೂ ಮರೆತಳು. ಅವನು ಎಲ್ಲಿ ಸಿಗುತ್ತಾನೆ ಎಂದು ಮಾತ್ರ ಕೇಳಿಕೊಂಡಳು.

ಮರುದಿನ ಬೆಳಿಗ್ಗೆ ಹಳೆಯ ಆಫೀಸು ಕಟ್ಟಡವೊಂದರ ಬಾಗಿಲಲ್ಲಿ 'ಲಿಫ್ಟ್ ಕೆಲಸ ನಡೆಯುತ್ತಿದೆ' ಎಂಬ ಹಲಗೆ ನೇತಾಡುತ್ತಿತ್ತು. ಅವಳು ಮೆಟ್ಟಿಲು ಹತ್ತಿದಳು. ಮೇಲಿನ ಮೋಟಾರ್ ಕೋಣೆಯಲ್ಲಿ ಗ್ರೀಸಿನ ವಾಸನೆ. ಅವನು ಕೈ ಒರೆಸಿಕೊಳ್ಳುತ್ತಾ ತಿರುಗಿದ, ಬಟ್ಟೆ ಕೈಯಲ್ಲೇ ಉಳಿಯಿತು.

"ನೀವು ತುದಿಗೆ ಹೋಗಲಿಲ್ವಂತೆ," ಎಂದಳು ಏದುಸಿರಿನಲ್ಲಿ.

"ಇಲ್ಲ."

"ಲಾಡ್ಜಿಗೆ ಯಾವಾಗ ಬಂದ್ರಿ?"

"ಅವತ್ತೇ, ಸಂಜೆ ಆಗ್ತಿತ್ತು. ನೀವು ಆಗಷ್ಟೇ ಹೋಗಿದ್ರಿ. ಅಜ್ಜಿ ನಿಮ್ಮ ಚಹಾ ಲೋಟ ಇನ್ನೂ ತೊಳೆದಿರಲಿಲ್ಲ."

ಅವಳು ಗೋಡೆಗೆ ಒರಗಿದಳು. "ಆಮೇಲೆ ಯಾಕ್ರೀ ಬರಲಿಲ್ಲ?"

"ಮುಖ ತೋರಿಸಬೇಡಿ ಅಂದಿದ್ರಿ."

"ಸಿಟ್ಟಲ್ಲಿ ಅಂದ ಮಾತು!"

"ನಾನೂ ಹಾಗೇ ಅಂದ್ಕೊಂಡೆ. ಗಾಳಿ ಕಮ್ಮಿ ಇರೋ ಕಡೆ ಆಡಿದ ಮಾತು, ಮನಸ್ಸಿಗೆ ಹಚ್ಕೋಬಾರದು ಅಂತ. ಆದ್ರೆ ಕೆಳಗೆ ಬಂದು, ತಲೆ ಸರಿಯಾದ ಮೇಲೂ ನೀವು ನಿಲ್ಲಲಿಲ್ಲ. ಗುಂಪೂ ಬಿಟ್ರಿ. ಆಗ ನಿಜವೇ ಇರಬೇಕು ಅನ್ನಿಸ್ತು." ಅವನು ಬಟ್ಟೆಯನ್ನು ಮಡಿಸಿದ, ಬಿಚ್ಚಿದ. "ಒಂದ್ಸಲ ಬೇಕರಿಗೂ ಬಂದಿದ್ದೆ. ಗಲ್ಲಾದಲ್ಲಿ ನಿಮ್ಮಕ್ಕ ಇದ್ರು. ಧೈರ್ಯ ಸಾಲಲಿಲ್ಲ. ಒಂದು ಬ್ರೆಡ್ ತಗೊಂಡು ವಾಪಸ್ ಬಂದೆ."

ತಾನು ಅಂದು ಗೋಡೆಯ ಆಚೆ ಬದಿಯಲ್ಲೇ ಹಿಟ್ಟು ನಾದುತ್ತಾ ನಿಂತಿದ್ದೆ ಎಂದು ಅವಳಿಗೆ ಹೊಳೆಯಿತು. ಅವನು ಬರಲಿ ಎಂದು ಕಾಯುತ್ತಾ ನಿಂತಿದ್ದಳು.

"ಹೋದ ವಾರ ಮದುವೆ ನಿಶ್ಚಯ ಆಯ್ತು," ಎಂದ ಅವನು, ತುಂಬಾ ಮೆಲ್ಲಗೆ. "ಅತ್ತಿಗೆ ಕಡೆಯವರು. ಒಳ್ಳೆ ಹುಡುಗಿ. ಮಾತು ಕೊಟ್ಟಿದ್ದೀನಿ."

ಕೊಟ್ಟ ಮಾತಿನಿಂದ ಹಿಂದೆ ಸರಿಯುವ ಮನುಷ್ಯ ಇವನಲ್ಲ. ಅವಳು ಬೇಡಿಕೊಂಡಾಗಲೂ ಸುಳ್ಳಾಡದವನು. ಅವಳು ಮೆಚ್ಚಿದ್ದೂ ಅದನ್ನೇ. ಈಗ ಯಾರನ್ನು ದೂರುವುದು?

"ನಾನು ಹೇಳೋಕೆ ಬಂದದ್ದನ್ನ ಹೇಳಿಬಿಡ್ತೀನಿ," ಎಂದಳು.

"ಬೇಡ. ಇನ್ನು ಏನು ಪ್ರಯೋಜನ?"

"ಪ್ರಯೋಜನಕ್ಕಲ್ಲ. ಅವತ್ತು ನೀವು ನನ್ನ ಮಾತು ಕೇಳಿದ್ರೆ ನಾನು ಸತ್ತಿರ್ತಿದ್ದೆ. ನಾನು ದ್ವೇಷಿಸ್ತೀನಿ ಅಂತ ಗೊತ್ತಿದ್ದೂ ನೀವು ಹೇಳಿದ್ರಿ. ಅಷ್ಟು ನನ್ನನ್ನ ಯಾರೂ ಬಯಸಿರಲಿಲ್ಲ. ನನಗದು ಲಾಡ್ಜಿನಲ್ಲೇ ಅರ್ಥ ಆಗಿತ್ತು. ಅರ್ಥ ಆಗಿಯೂ ಜೀಪ್ ಹತ್ತಿದೆ. ನಿಮ್ಮನ್ನ ಪ್ರೀತಿಸ್ತೀನಿ ರೀ. ಈಗಲೂ."

ಅವನು ತಲೆ ತಗ್ಗಿಸಿದ. ಹನಿಯೊಂದು ಗ್ರೀಸು ಮೆತ್ತಿದ ಕೈಯ ಮೇಲೆ ಬಿತ್ತು, ಅವನು ಒರೆಸಿಕೊಳ್ಳಲಿಲ್ಲ. "ನನಗೂ..." ಎಂದು ಶುರುಮಾಡಿದವನನ್ನು ಅವಳು ಕೈ ಎತ್ತಿ ತಡೆದಳು.

"ಬೇಡ. ಮಾತು ಕೊಟ್ಟಿದ್ದೀರಲ್ಲ. ಆ ಹುಡುಗಿಗೆ ಅನ್ಯಾಯ ಆಗಬಾರದು. ಚೆನ್ನಾಗಿರಿ."

ಬೇಕರಿಗೆ ಬಂದಾಗ ಮಧ್ಯಾಹ್ನದ ಗಿರಾಕಿಗಳ ಗಲಾಟೆ. ಅಕ್ಕ ಚಿಲ್ಲರೆ ಎಣಿಸುತ್ತಿದ್ದವಳು ತಲೆ ಎತ್ತಿದಳು.

"ಎಲ್ಲಿ ಹೋಗಿದ್ಯೇ ಹೇಳದೆ ಕೇಳದೆ?"

"ಒಬ್ಬರಿಗೆ ಒಂದು ಮಾತು ಹೇಳೋದಿತ್ತು. ಹೇಳಿ ಬಂದೆ."

"ಏನಂದ್ರು?"

"ತಡವಾಯ್ತು ಅಂದ್ರು ಅಕ್ಕ."

ಅಷ್ಟು ಹೇಳುವಷ್ಟರಲ್ಲಿ ಅವಳ ತುಟಿ ಅದುರಿತು. ಜ್ವರ ಬಂದರೂ ಅಂಗಡಿ ಮುಚ್ಚದ ಅಕ್ಕ, ಗಿರಾಕಿಗಳಿಗೆಲ್ಲ ಕೈಮುಗಿದು ಹೊರಗೆ ಕಳಿಸಿ, ನಡುಮಧ್ಯಾಹ್ನ ಷಟರ್ ಎಳೆದಳು. ಆಮೇಲೆ ಬಂದು ತಂಗಿಯ ತಲೆಯನ್ನು ಎದೆಗೆ ಒತ್ತಿಕೊಂಡು, "ಅಳು," ಎಂದಳು.