ಉತ್ತರದಕ್ಕ, ದಕ್ಷಿಣದಕ್ಕ

“ಈ ಡಿಸ್ಕನ್ನ ಯಾರಪ್ಪಾ ಹಿಡ್ಕೊಂಡು ಕೂತಿರೋದು?”

ಯಾಂದೆ ಯಾರನ್ನೂ ಕೇಳಿದ್ದಲ್ಲ. ಪರದೆಯನ್ನು ಕೇಳಿದಳು, ಗಾಳಿಯನ್ನು ಕೇಳಿದಳು. ಸರ್ವರ್ ಕೋಣೆಯಲ್ಲಿ ತಣ್ಣನೆಯ ಗಾಳಿ ಹುಯ್ಯೆಂದು ಬೀಸುತ್ತಿತ್ತು. ಹೊರಗೆ ಜಮ್ನಿಯಾಜೋ ಊರಿನ ಬಯಲಿನಲ್ಲಿ ಮರುಭೂಮಿಯ ಧೂಳು ಕವಿದು ಬಾಬಾಬ್ ಮರಗಳೆಲ್ಲ ಮಸುಕಾಗಿದ್ದವು. ಒಳಗೆ ಅವಳು ತಲೆಯ ವಸ್ತ್ರವನ್ನು ಕಿವಿ ಮುಚ್ಚುವಂತೆ ಬಿಗಿದುಕೊಂಡು, ಬೆರಳುಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡು ಕೂತಿದ್ದಳು.

“ನಾನೇ,” ಎಂದಿತು ರ‍್ಯಾಕಿನ ಹಿಂದಿನಿಂದ ಒಂದು ದನಿ.

ಆಮೇಲೆ ಒಂದು ತಲೆ ಕಾಣಿಸಿತು. ಕೂದಲಲ್ಲಿ ಧೂಳು, ಹಲ್ಲಲ್ಲಿ ಕಚ್ಚಿಕೊಂಡ ಟಾರ್ಚು. ಅನ್ಸುಮಾನ ಬಾಜಿ ಟಾರ್ಚನ್ನು ಕೈಗೆ ತೆಗೆದುಕೊಂಡು ತಪ್ಪಿತಸ್ಥನಂತೆ ನಕ್ಕ. “ಬೆಳಿಗ್ಗೆ ನಾನೇ ಕಟ್ಟಿದ್ದು. ಡಿಸ್ಕಿನ ಮೇಲಿನ ಹಿಡಿತ, ಆ ರಿಸರ್ವ್, ಸಡಿಲ ಮಾಡೋದು ಮರೆತೆ.”

“ನೀನು? ಮರೆತೆಯಾ?”

“ಮನುಷ್ಯನಮ್ಮಾ ನಾನು.”

“ನಿಮ್ಮ ದಕ್ಷಿಣದವರ ಕೈಯೇ ಅಂಥದ್ದು. ಸಿಕ್ಕಿದ್ದನ್ನ ಬಿಟ್ಟ ಇತಿಹಾಸವೇ ಇಲ್ಲ.”

“ನೋಡು ನೋಡು,” ಎಂದು ಅವನು ಮೇಲೆ ಮಿನುಗುವ ದೀಪಗಳಿಗೆ ದೂರು ಹೇಳಿದ, “ನಮ್ಮ ಮನೆ ಆಳಿಗೆ ಇವತ್ತು ಬಾಯಿ ಬಂದಿದೆ.”

ಇನ್ನೊಬ್ಬರು ಈ ಮಾತು ಆಡಿದ್ದರೆ ಯಾಂದೆ ಅಂದೇ ಅವರ ಜೊತೆ ಮಾತು ಬಿಡುತ್ತಿದ್ದಳು. ಆದರೆ ಇವನು ಜೋಲಾ, ಅವಳು ಸೆರೇರ್. ಹಿಂದೆ ಯಾವ ಕಾಲದಲ್ಲೋ ಅಕ್ಕತಂಗಿಯರಿಬ್ಬರು ಒಂದೇ ದೋಣಿಯಲ್ಲಿ ಹೊರಟರಂತೆ. ಬಿರುಗಾಳಿಗೆ ದೋಣಿ ನಡುವೆ ಮುರಿದು, ಒಬ್ಬಳು ದಕ್ಷಿಣದ ದಡ ಸೇರಿ ಜೋಲಾ ಕುಲಕ್ಕೆ ತಾಯಿಯಾದಳು, ಇನ್ನೊಬ್ಬಳು ಉತ್ತರದ ದಡ ಸೇರಿ ಸೆರೇರ್ ಕುಲಕ್ಕೆ ತಾಯಿಯಾದಳು. ಅಂದಿನಿಂದ ಈ ಎರಡು ಕುಲದವರು ಎಲ್ಲಿ ಸಿಕ್ಕರೂ ಒಬ್ಬರನ್ನೊಬ್ಬರು ‘ನಮ್ಮ ಮನೆ ಆಳು’ ಎಂದು ಛೇಡಿಸುತ್ತಾರೆ, ಊಟಕ್ಕೆ ಬಾಯಿ ಬಿಡುವವರೆಂದು ಹಂಗಿಸುತ್ತಾರೆ. ಸಿಟ್ಟಾಗುವ ಹಾಗಿಲ್ಲ. ಇನ್ನೊಂದು ನಿಯಮವೂ ಇದೆ: ಬಾಂಧವ್ಯದ ಮೇಲೆ ಏನು ಕೇಳಿದರೂ ಇಲ್ಲ ಅನ್ನುವ ಹಾಗಿಲ್ಲ.

ಯಾಂದೆಯ ಅಪ್ಪನಂತೂ ಆ ನಿಯಮಕ್ಕೆ ಜೀವ ಬಿಡುವ ಮನುಷ್ಯ. ಒಮ್ಮೆ ನಾಮಕರಣಕ್ಕೆಂದು ಹೊಸ ಅಂಗಿ ತೊಟ್ಟು ಫಾತಿಕ್‌ನಿಂದ ಬಸ್ಸು ಹತ್ತಿದ್ದ. ಪಕ್ಕದಲ್ಲಿ ಕೂತ ಅಪರಿಚಿತ ಜೋಲಾ ಮುದುಕ ಅಂಗಿಯ ಕಸೂತಿಯನ್ನು ಮುಟ್ಟಿ ನೋಡಿ, “ಬಾಂಧವ್ಯದ ಮೇಲೆ ಕೇಳ್ತಿದ್ದೀನಿ, ಆಳೇ, ಇದನ್ನ ನನಗೆ ಕೊಡು,” ಎಂದ. ಅಪ್ಪ ಅಲ್ಲೇ ಬಿಚ್ಚಿ ಕೊಟ್ಟ. ನಾಮಕರಣದ ಮನೆಯಲ್ಲಿ ಬನಿಯನ್ನಿನಲ್ಲೇ ಕೂತು, ಊಟ ಮಾಡಿ, ಮಗುವಿಗೆ ಹರಸಿ ಬಂದ. ಅಮ್ಮ ವಾರವಿಡೀ ಗೊಣಗಿದಳು. “ಇಲ್ಲ ಅಂತ ಹೇಗೆ ಹೇಳ್ಲೇ?” ಎಂಬುದೊಂದೇ ಅಪ್ಪನ ಉತ್ತರ.

ಅನ್ಸುಮಾನನೂ ಈ ನಿಯಮವನ್ನು ಚೆನ್ನಾಗಿಯೇ ದುಡಿಸಿಕೊಂಡಿದ್ದ. ಅವಳ ಛತ್ರಿ ಹೋಗಿತ್ತು, ಕಿಟಕಿ ಪಕ್ಕದ ಕುರ್ಚಿ ಹೋಗಿತ್ತು, ಊರಿನಿಂದ ಬಂದ ಮಾವಿನಹಣ್ಣುಗಳಲ್ಲಿ ಸಿಹಿಯಾದವೆಲ್ಲ ಹೋಗಿದ್ದವು. ಬದಲಿಗೆ ಅವನು ಅವಳಿಗೆ ಕೆಲಸ ಕಲಿಸಿದ್ದ.

ಆ ಕೆಲಸ ಹೀಗೆ. ಬಂದರಿನ ಸರಕಿನ ಲೆಕ್ಕವೆಲ್ಲ ಈ ಹೊಸ ಯಂತ್ರಕ್ಕೆ ಬರಬೇಕು. ಯಂತ್ರ ಒಂದೇ, ಅದರೊಳಗೆ ಹಲವು ಪಾರ್ಟಿಷನ್‌ಗಳು. ಪ್ರತಿಯೊಂದೂ ತಾನೇ ಒಂದು ಇಡೀ ಯಂತ್ರ ಎಂದುಕೊಂಡು ಬದುಕುತ್ತದೆ. ಆದರೆ ಒಂದಕ್ಕೂ ಸ್ವಂತ ಡಿಸ್ಕ್ ಇಲ್ಲ. ಡಿಸ್ಕ್‌ಗಳೆಲ್ಲ ಆಚೆಯ ಕಪಾಟಿನಲ್ಲಿವೆ. ನಡುವೆ ಇಬ್ಬರು ಬಡಿಸುವವರು, ಎರಡು ಪುಟ್ಟ ಸರ್ವರ್‌ಗಳು. ಕಪಾಟಿನಿಂದ ಡಿಸ್ಕನ್ನು ತಂದು ಯಾರ ಪಾಲನ್ನು ಅವರ ಮುಂದೆ ಇಡುವುದು ಅವುಗಳ ಕೆಲಸ. ಒಂದು ಮಲಗಿದರೂ ಇನ್ನೊಂದು ಬಡಿಸುತ್ತಿರಬೇಕು, ಅದಕ್ಕೇ ಎರಡು.

ದೊಡ್ಡ ಬಟ್ಟಲಿನ ಸುತ್ತ ಕೂತು ಉಣ್ಣುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಎರಡು ಸರ್ವರ್‌ಗಳಿಗೆ ಹೆಸರಿಡುವಾಗ ಜಗಳವೇ ಆಗಿತ್ತು. ದೋಣಿಯ ಅಕ್ಕತಂಗಿಯರ ಹೆಸರಲ್ಲೇ ಇಡೋಣ ಎಂದು ಇಬ್ಬರೂ ಒಪ್ಪಿದರು. ಅಕ್ಕ ಯಾರು, ತಂಗಿ ಯಾರು? ಅಲ್ಲಿ ಇಬ್ಬರೂ ಬಗ್ಗಲಿಲ್ಲ. ಕೊನೆಗೆ ಒಂದು ಉತ್ತರದಕ್ಕ ಆಯಿತು, ಇನ್ನೊಂದು ದಕ್ಷಿಣದಕ್ಕ. ತಂಗಿಯೇ ಇಲ್ಲದ ಅಕ್ಕಂದಿರು.

“ಒಬ್ಬರೇ ಹಿಡ್ಕೊಂಡು ಕೂತರೆ ಇನ್ನೊಬ್ಬರ ಕೈಗೆ ಡಿಸ್ಕ್ ಸಿಗೋದೇ ಇಲ್ಲ,” ಎಂದು ಯಾಂದೆ ಅವನದೇ ಪಾಠವನ್ನು ಅವನದೇ ರಾಗದಲ್ಲಿ ಒಪ್ಪಿಸಿದಳು. “ಕಟ್ಟೋಕೆ ಮೊದಲು ಎರಡೂ ಕಡೆ ಹಿಡಿತ ಸಡಿಲ ಮಾಡ್ಬೇಕು, ಕತ್ತೆ. ಹಾಗಂತ ನನಗೆ ಹೇಳಿದ್ದು ಯಾರು?”

“ಕತ್ತೆ ಅಂತ ಹೇಳಿರಲಿಲ್ಲ.”

“ಹೇಳಿದ್ದೆ ನೀನು. ಎರಡು ಸಲ.”

ಅವನು ನಗುತ್ತ ಅವಳ ಪಕ್ಕ ಬಂದು ಬಗ್ಗಿದ. ಪಾರ್ಟಿಷನ್ ನಿಲ್ಲಿಸಿದ, ದಕ್ಷಿಣದಕ್ಕ ಡಿಸ್ಕನ್ನು ಅದಕ್ಕೆ ಜೋಡಿಸಿದ್ದ ಮ್ಯಾಪಿಂಗ್ ತೆಗೆದ, ಹಿಡಿತ ಸಡಿಲ ಮಾಡಿದ, ಮತ್ತೆ ಕಟ್ಟಿದ. ಅವನ ತೋಳಿನಿಂದ ಸಾಬೂನಿನದೂ ಧೂಳಿನದೂ ವಾಸನೆ ಒಟ್ಟಿಗೆ ಬಂತು. ಯಾಂದೆ ಪರದೆಯನ್ನು ಅಗತ್ಯಕ್ಕಿಂತ ಹೆಚ್ಚು ಗಮನವಿಟ್ಟು ನೋಡಿದಳು. ಉತ್ತರದಕ್ಕನಿಗೂ ಈಗ ಡಿಸ್ಕ್ ಸಿಕ್ಕಿತು.

ಎಂದೂ ಮರೆಯದವನು ಇವತ್ತು ಯಾಕೆ ಮರೆತ? ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು.

ದಾಬಾ ಅತ್ತೆ ಅಡುಗೆ ಮಾಡಿದ ದಿನ ಆಫೀಸಿನಲ್ಲಿ ಯಾರೂ ತಡಮಾಡುವುದಿಲ್ಲ. ಚಾಪೆಯ ನಡುವೆ ಅಗಲ ಬಟ್ಟಲು, ಎಣ್ಣೆಯಲ್ಲಿ ಕೆಂಪಾದ ಅನ್ನ, ಮೇಲೆ ಮೀನು, ಮರಗೆಣಸು, ಎಲೆಕೋಸು. ಸುತ್ತ ಕೂತವರು ತಮ್ಮ ಮುಂದಿನ ಪಾಲನ್ನಷ್ಟೇ ಉಣ್ಣಬೇಕು, ಪಕ್ಕದವರ ಕಡೆ ಕೈ ಹೋಗಬಾರದು. ನಡುವಿನ ಮೀನನ್ನು ಅತ್ತೆ ಮುರಿದು ಒಬ್ಬೊಬ್ಬರ ಮುಂದೆ ತಳ್ಳುತ್ತಾಳೆ.

ತನ್ನ ಪಾಲಿಗೆ ಬಂದ ಮೀನಿನ ಒಳ್ಳೆಯ ತುಂಡನ್ನು ಅನ್ಸುಮಾನ ಎಂದಿನಂತೆ ಎರಡು ಬೆರಳಲ್ಲಿ ಮೆಲ್ಲನೆ ಯಾಂದೆಯ ಕಡೆ ಜರುಗಿಸಿದ. ಮುಳ್ಳು ತೆಗೆದಿತ್ತು. ಯಾವಾಗ ತೆಗೆದನೋ.

“ಆಳುಗಳಿಗೆ ಸರಿಯಾಗಿ ಉಣ್ಣಿಸ್ಬೇಕು,” ಎಂದ, ಎಲ್ಲರಿಗೂ ಕೇಳುವಂತೆ. “ಇಲ್ಲಾಂದ್ರೆ ಓಡಿ ಹೋಗ್ತಾವೆ.”

“ನಿನ್ನ ಹೊಟ್ಟೆ ನೋಡಿದ್ರೆ, ಓಡೋದು ಆಳಲ್ಲ, ಅನ್ನ,” ಎಂದಳು ದಾಬಾ ಅತ್ತೆ. ಅವಳೂ ಸೆರೇರ್.

ಎಲ್ಲರೂ ನಕ್ಕರು. ಮುಖ್ಯಸ್ಥೆ ಮೇಡಂ ತಾಲ್ ಕೂಡ ನಕ್ಕರು. ಆ ನಗೆಯ ನಡುವೆ ಅನ್ಸುಮಾನ ಬಟ್ಟಲು ನೋಡುತ್ತಲೇ ಹೇಳಿದ:

“ಯಾಂದೆ, ನನ್ನ ಜೊತೆ ಝಿಗಿಂಶೋರ್‌ಗೆ ಬಂದ್ಬಿಡು. ಮನೇಲಿ ಭತ್ತ ಕುಟ್ಟೋಕೆ ಒಬ್ಬ ಆಳು ಬೇಕು. ಮದುವೆ ಮಾಡ್ಕೊಂಡೇ ಕರ್ಕೊಂಡು ಹೋಗ್ತೀನಿ, ಸಂಬಳ ಉಳಿಯುತ್ತೆ. ಬರ್ತೀಯಾ?”

“ಬಂದು? ನಿಮ್ಮೂರಲ್ಲಿ ಅನ್ನ ಮುಗಿದ ಮೇಲೆ ನನ್ನ ಪಾಲಿಗೆ ಉಳಿಯೋದು ತಳ ಹಿಡಿದ ಗಡಿಗೆ. ನಡಿಯಪ್ಪಾ, ನಡಿ.”

ಚಾಪೆಯೆಲ್ಲ ಮತ್ತೆ ನಕ್ಕಿತು. ಯಾಂದೆಯೂ ನಕ್ಕಳು. ಆದರೆ ಅವನ ಕೊನೆಯ ಮಾತಿನ ದನಿ ಕಿವಿಯಲ್ಲೇ ಉಳಿಯಿತು.

ಅವಳು ಪದ್ಯ ಕೇಳಿ ಬೆಳೆದವಳು. ಗುರುವಾರ ಸಂಜೆ ಅಂಗಳದಲ್ಲಿ ಗಂಡಸರು ದುಂಡಗೆ ಕೂತು ಸ್ತುತಿ ಪದ್ಯಗಳನ್ನು ಹೇಳುವಾಗ ಗೋಡೆಗೊರಗಿ ಕೇಳುತ್ತಿದ್ದ ಹುಡುಗಿ. ಅರ್ಥ ತಿಳಿಯುವ ಮೊದಲೇ ಅವಳಿಗೆ ದನಿ ತಿಳಿದಿತ್ತು. ಕತೆ ಹೇಳುವ ಸಾಲು ಕೊನೆಯಲ್ಲಿ ಏರುತ್ತದೆ, ಬೇಡಿಕೊಳ್ಳುವ ಸಾಲು ಇಳಿಯುತ್ತದೆ. ಛೇಡಿಸುವ ಮಾತೂ ಏರಲೇಬೇಕು, ಎದುರಿನವರು ಹಿಡಿದು ವಾಪಸು ಎಸೆಯಲೆಂದು.

‘ಬರ್ತೀಯಾ’ ಇಳಿದಿತ್ತು.

ಕೈ ತೊಳೆಯುವಲ್ಲಿ ಮೇಡಂ ತಾಲ್ ಪಕ್ಕ ಬಂದು ನಿಂತರು. “ಇನ್ಮೇಲೆ ಎರಡೂ ಅಕ್ಕಂದಿರನ್ನ ನೀನೇ ನೋಡ್ಕೋಬೇಕು, ಯಾಂದೆ. ಬಾಜಿ ಹೋದ ಮೇಲೆ.”

“ಎಲ್ಲಿಗೆ ಹೋಗ್ತಾನೆ?”

“ಹೇಳಿಲ್ವಾ ಅವನು? ಝಿಗಿಂಶೋರ್‌ನಲ್ಲಿ ಬ್ಯಾಕಪ್ ಕೇಂದ್ರ ತೆಗೀತಿದ್ದೀವಲ್ಲ, ಅದಕ್ಕೆ ಅವನೇ ಮುಖ್ಯಸ್ಥ. ನಾಳೆ ಸಂಜೆ ಹಡಗು.” ಮೇಡಂ ಅವಳ ಮುಖ ನೋಡಿ ದನಿ ತಗ್ಗಿಸಿದರು. “ನೀವಿಬ್ಬರೂ ದಿನವಿಡೀ ಮಾತಾಡ್ತೀರಿ, ಇಷ್ಟೂ ಹೇಳ್ಕೊಂಡಿಲ್ವಾ?”

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಹೌದು, ದಿನವಿಡೀ ಮಾತಾಡುತ್ತಾರೆ. ಆ ಮಾತುಗಳನ್ನೆಲ್ಲ ಜಾಲಾಡಿದರೂ ಒಂದೇ ಒಂದು ನಿಜದ ಮಾತು ಸಿಗುವುದಿಲ್ಲ. ಇವತ್ತೊಂದು ಸಿಕ್ಕಿತ್ತು. ಅದನ್ನು ಅವಳು ಗಡಿಗೆಯ ತಳಕ್ಕೆ ಒಗೆದು ನಕ್ಕಿದ್ದಳು.

ಶುಕ್ರವಾರದ ಆಜಾನ್ ಧೂಳಿನೊಳಗಿಂದ ಮೆತ್ತಗೆ ಬಂತು. ಗಂಡಸರು ಮಸೀದಿಗೆ ನಡೆದರು. ಯಾಂದೆ ಮೂಲೆಯ ಪುಟ್ಟ ಕೋಣೆಯಲ್ಲಿ ಚಾಪೆ ಹಾಸಿದಳು. ನಮಾಜ್ ಮುಗಿದ ಮೇಲೆ ಅಂಗೈ ಎತ್ತಿ ಕೂತಳು. ಏನು ಕೇಳಬೇಕೆಂದು ಹೊಳೆಯಲಿಲ್ಲ. ಖಾಲಿ ಕೈಯನ್ನೇ ಎತ್ತಿ ಹಿಡಿದಳು. ಕೇಳಿಸಿಕೊಳ್ಳುವವನಿಗೆ ಅಷ್ಟು ಸಾಕು ಎಂದು ಅಜ್ಜ ಹೇಳುತ್ತಿದ್ದ.

ಮಧ್ಯಾಹ್ನ ಉಳಿದದ್ದು ಪರೀಕ್ಷೆ ಮಾತ್ರ. ಒಬ್ಬ ಅಕ್ಕನನ್ನು ಬೇಕೆಂದೇ ಮಲಗಿಸಿ, ಪಾರ್ಟಿಷನ್‌ಗಳು ಉಸಿರಾಡುತ್ತವೆಯೇ ಎಂದು ನೋಡಬೇಕು. ಕೋಣೆಯಲ್ಲಿ ಅವರಿಬ್ಬರೇ. ಅನ್ಸುಮಾನ ಅಗಲವಾದ ಬಿಳಿ ನಿಲುವಂಗಿಯಲ್ಲೇ ಬಂದಿದ್ದ. ಮಸೀದಿಯಿಂದ ನೇರ ಬಂದವನ ಹಣೆಯ ಮೇಲೆ ಒಂದಿಷ್ಟು ಮರಳು ಅಂಟಿತ್ತು. ಒರೆಸಬೇಕೆಂದು ಯಾಂದೆಗೆ ಅನ್ನಿಸಿತು. ಕೈಯನ್ನು ಕೀಬೋರ್ಡಿನ ಮೇಲೇ ಇಟ್ಟುಕೊಂಡಳು.

“ದಕ್ಷಿಣದಕ್ಕನ್ನ ಮಲಗಿಸ್ತಿದ್ದೀನಿ,” ಎಂದ.

ಪರದೆಯಲ್ಲಿ ಡಿಸ್ಕಿನ ಎರಡು ದಾರಿಗಳಲ್ಲಿ ಒಂದು ಸತ್ತಿತು. ಇನ್ನೊಂದು ಉಳಿಯಿತು. ಪಾರ್ಟಿಷನ್ ಕ್ಷಣ ತಡವರಿಸಿ, ಮತ್ತೆ ಬರೆಯತೊಡಗಿತು, ಪಕ್ಕದವರು ಎದ್ದು ಹೋದದ್ದನ್ನು ಗಮನಿಸದೆ ಉಣ್ಣುವವರ ಹಾಗೆ.

“ಬದುಕಿದೆ,” ಎಂದಳು.

“ನೋಡಿದ್ಯಾ? ನಾನಿಲ್ಲದಿದ್ರೂ ನಡೆಯುತ್ತೆ.”

“ನಡೆಯುತ್ತೆ. ಒಂದೇ ಕಾಲಲ್ಲಿ.”

ಅವನು ತಟ್ಟನೆ ತಿರುಗಿ ನೋಡಿದ. ಅವಳು ತಿರುಗಲಿಲ್ಲ. ಅವನು ದಕ್ಷಿಣದಕ್ಕನನ್ನು ಎಬ್ಬಿಸಿದ, ಎರಡನೆಯ ದಾರಿ ಮತ್ತೆ ತೆರೆಯುವವರೆಗೆ ಇಬ್ಬರೂ ಕಾದರು. ಆಮೇಲೆ ಅವಳು ಉತ್ತರದಕ್ಕನನ್ನು ಮಲಗಿಸಿ ಎಬ್ಬಿಸಿದಳು. ಎಲ್ಲವೂ ಸರಿಯಿತ್ತು. ಇನ್ನು ಮಾಡಲು ಏನೂ ಇರಲಿಲ್ಲ.

“ನಾಳೆ ಹಡಗಂತೆ,” ಎಂದಳು ಯಾಂದೆ.

“ಹೂಂ. ಹೇಳ್ಬೇಕು ಅಂತಿದ್ದೆ.”

“ಬೆಳಿಗ್ಗೆ ಯಾಕೆ ಮರೆತೆ, ಬಾಜಿ? ನಿಜ ಹೇಳು.”

ಅವನು ನಿಲುವಂಗಿಯ ತೋಳನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. “ಬಾಯಿಪಾಠ ಮಾಡ್ತಿದ್ದೆ.”

“ಏನನ್ನ?”

“ಊಟದ ಹೊತ್ತಲ್ಲಿ ನಿನಗೆ ಹೇಳ್ಬೇಕಾದ್ದನ್ನ. ಕೇಬಲ್ ಚುಚ್ಚುವಾಗ ಒಂದು ಸಲ, ಮ್ಯಾಪಿಂಗ್ ಕಟ್ಟುವಾಗ ಒಂದು ಸಲ. ಅದರಲ್ಲಿ ರಿಸರ್ವ್ ಎಲ್ಲಿ ನೆನಪಿರುತ್ತೆ?”

“ಬಾಯಿಪಾಠ ಮಾಡಿದ್ದು ಅದಾ? ಭತ್ತ ಕುಟ್ಟೋ ಆಳು, ಉಳಿಯೋ ಸಂಬಳ?”

“ಅಲ್ಲ ಮಾರಾಯ್ತಿ!” ಅವನ ಕಿವಿಯವರೆಗೂ ಬಿಸಿಯೇರಿದ್ದು ಕಾಣುತ್ತಿತ್ತು. “ಚೆನ್ನಾಗಿತ್ತು ಅದು. ನದಿ ಇತ್ತು ಅದರಲ್ಲಿ. ನಿನ್ನ ಹೆಸರು ಇತ್ತು. ನೀನು ಪಕ್ಕದಲ್ಲಿ ಕೂತೆ, ಎಲ್ಲ ಹೋಯ್ತು. ಬಾಯಿಗೆ ರೂಢಿಯಾಗಿದ್ದೇ ಬಂತು.”

ಯಾಂದೆ ತುಟಿ ಕಚ್ಚಿಕೊಂಡಳು. ನಗು ಬರುತ್ತಿತ್ತು, ಕಣ್ಣೂ ಮಂಜಾಗುತ್ತಿತ್ತು. ಅದನ್ನು ಮರೆಸಲು ಪರದೆಯ ಕಡೆ ಮುಖ ತಿರುಗಿಸಿದಳು.

ಮುಖ ತಿರುಗಿಸಿದ್ದನ್ನು ಅವನು ಒಲ್ಲೆನೆಂಬ ಉತ್ತರವೆಂದು ತಿಳಿದ. ಹಿಂದಕ್ಕೆ ಸರಿದು ಟಾರ್ಚನ್ನು ಚೀಲಕ್ಕೆ ಹಾಕಿದ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಬೆನ್ನು ಮಾಡಿಯೇ ನಿಂತ.

“ಒಂದು ಕೇಳ್ತೀನಿ, ಯಾಂದೆ. ಕೊನೇದು. ನಿನ್ನ ಛತ್ರಿ ನನ್ನ ಮೇಜಿನ ಕೆಳಗಿದೆ, ತಗೋ. ಕುರ್ಚಿ ಹೇಗೂ ನಿಂದೇ.” ಅವನ ದನಿ ಇಳಿಯಿತು. “ಊಟದ ಹೊತ್ತಲ್ಲಿ ಆಡಿದ ಮಾತು ತಮಾಷೆ ಅಂದ್ಕೊಂಡು ಮರೆತುಬಿಡು. ಬಾಂಧವ್ಯದ ಮೇಲೆ ಕೇಳ್ತಿದ್ದೀನಿ.”

ಬನಿಯನ್ನಿನಲ್ಲಿ ಕೂತು ಮಗುವಿಗೆ ಹರಸಿದ ಅಪ್ಪ ಅವಳ ಕಣ್ಣ ಮುಂದೆ ಬಂದ. ಅಪ್ಪನ ಮನೆತನದಲ್ಲಿ ಈ ಮಾತಿಗೆ ಇಲ್ಲ ಎಂದವರು ಒಬ್ಬರೂ ಇರಲಿಲ್ಲ. ಯಾಂದೆ ಎದ್ದು ಹೋಗಿ, ಬಾಗಿಲ ಹಿಡಿಯ ಮೇಲಿದ್ದ ಅವನ ಕೈಯ ಪಕ್ಕದಲ್ಲಿ ತನ್ನ ಕೈಯಿಟ್ಟಳು. ಇಬ್ಬರಲ್ಲಿ ಯಾರ ಬೆರಳು ತಣ್ಣಗಿದೆಯೆಂದು ತಿಳಿಯಲಿಲ್ಲ. ಅವನು ತಿರುಗಿದಾಗ ಇನ್ನೊಂದು ಕೈಯಿಂದ ಅವನ ಹಣೆಯ ಮರಳನ್ನು ಒರೆಸಿದಳು.

“ಇಲ್ಲ,” ಎಂದಳು, ಪದ್ಯದ ಕೊನೆಯ ಸಾಲಿನಷ್ಟು ಮೆಲ್ಲಗೆ. “ಮರೆಯೋಲ್ಲ. ಅದೊಂದನ್ನ ನಾನು ಕೊಡೋದಿಲ್ಲ, ಬಾಜಿ.”