ಸಣ್ಣೀರಿಯ ಗಡಿಗೆಗೆ ಬಂದ ಜ್ವರ

ಕಾಗೆ ಗುಬ್ಬಿಗಳಿಗೂ ಮಾತು ಬರುತ್ತಿದ್ದ ಬಹಳ ಹಿಂದಿನ ಕಾಲದಲ್ಲಿ ತೆನೆಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಮನೆಮನೆಯಲ್ಲೂ ಮೊಳಕೆ ಬಂದ ಜವೆಗೋಧಿಯಿಂದ ಹೆಂಡ ಮಾಡುತ್ತಿದ್ದರು. ಮಾಡುವುದೇನೋ ಸರಿ, ಕುಡಿದವರು ಮಾರನೆಯ ದಿನ ತಲೆ ಹಿಡಿದುಕೊಂಡು ಅಯ್ಯಯ್ಯೋ ಅನ್ನುತ್ತಿದ್ದರು. ಯಾಕೆ ಅಂತೀರಾ? ಹುದುಗು ಹಾಕಿದ ಗಡಿಗೆ ಅಂದರೆ ಅವರಿಗೆ ಬಾಣಂತಿ ಇದ್ದ ಹಾಗೆ. ಗಾಳಿಯಾಡದ ಕೋಣೆಯಲ್ಲಿಟ್ಟು, ಕಂಬಳಿ ಹೊದಿಸಿ, ಪಕ್ಕದಲ್ಲೇ ಕೆಂಡ ಇಡುತ್ತಿದ್ದರು. ಮುತ್ತಜ್ಜಿ ಮಾಡಿದ್ದನ್ನು ಅಜ್ಜಿ ಮಾಡಿದಳು, ಅಜ್ಜಿ ಮಾಡಿದ್ದನ್ನು ಮೊಮ್ಮಗಳು ಮಾಡಿದಳು. ತಲೆ ಸಿಡಿದರೆ ಹೆಂಡ ಖಡಕ್ಕಾಗಿದೆ ಅಂತ ಹಿಗ್ಗುತ್ತಿದ್ದರು, ಪುಣ್ಯಾತ್ಮರು!

ಆ ರಾಜ್ಯದ ಒಂದು ಊರಲ್ಲಿ ದ್ಯಾವ, ಸಣ್ಣೀರಿ ಅಂತ ಗಂಡ ಹೆಂಡತಿ. ಒಂದು ದಿನ ಬೆಟ್ಟದ ಕೋಟೆಯ ಮಾಂತ್ರಿಕ ಗೊಗ್ಗರ ಅವರ ಮನೆಗೆ ಬಂದ. ದ್ಯಾವ ಕೈಬಿಚ್ಚಿ ಹೆಂಡ ಹೊಯ್ದ. ಮಾರನೆಯ ಬೆಳಿಗ್ಗೆ ಗೊಗ್ಗರನ ತಲೆಯೊಳಗೆ ಒನಕೆ ಕುಟ್ಟತೊಡಗಿತು. "ನನಗೇ ವಿಷ ಹಾಕ್ತೀಯೇನೋ?" ಅಂತ ಅಬ್ಬರಿಸುತ್ತಾ ಬಂದು ಒಂದು ಹಿಡಿ ಬೂದಿ ಎರಚಿದ. ದ್ಯಾವ ನಿಂತಲ್ಲೇ ಕಲ್ಲಾದ.

ಸಣ್ಣೀರಿ ಕಲ್ಲನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಅತ್ತರೆ ಗಂಡ ಬರ್ತಾನಾ?" ಅಂತ ಸೀದಾ ಕೋಟೆಗೆ ನಡೆದಳು. ಅಲ್ಲಿ ಸಾಲಿಗೆ ಸಾಲು ಕಲ್ಲಾದ ಜನ ನಿಂತಿದ್ದರು. ಗೊಗ್ಗರನಿಗೆ ಮುನಿಸು ಬಂದಾಗಲೆಲ್ಲ ಒಬ್ಬೊಬ್ಬರು.

"ತಲೆ ನೋಯಿಸದ ಹೆಂಡ ನಾನು ಮಾಡಿಕೊಡ್ತೀನಿ. ಕುಡಿದು ಮಲಗು. ಬೆಳಿಗ್ಗೆ ತಲೆ ಹಗುರಾಗಿದ್ದರೆ ನನ್ನ ಗಂಡನ್ನೂ ಇವರನ್ನೂ ಬಿಡಬೇಕು," ಅಂದಳು.

"ನೋವಾದರೆ?"

"ನಾನೂ ಅವನ ಪಕ್ಕ ಕಲ್ಲಾಗಿ ನಿಲ್ತೀನಿ."

ಗೊಗ್ಗರ ಹೊಟ್ಟೆ ಹಿಡಿದುಕೊಂಡು ನಕ್ಕು ಒಪ್ಪಿದ. ಒಳಗೊಳಗೇ ಇವಳ ಗಡಿಗೆ ಕೆಡಿಸುವ ಹಂಚಿಕೆ ಹಾಕಿದ.

ಸಣ್ಣೀರಿ ಜವೆಯ ಸಿಹಿಗಂಜಿ ಕಾಯಿಸಿದಳು, ಸೋಸಿದಳು, ಪೂರ್ತಿ ಆರುವವರೆಗೆ ಕಾದಳು. ಬಿಸಿಗೆ ಬಿದ್ದರೆ ಹುದುಗು ಬೆಂದುಹೋಗುತ್ತದೆ ನೋಡಿ. ಹುದುಗು ಹಾಕಿದ ಮೇಲೆ ಗಡಿಗೆಯ ಹೊಟ್ಟೆಗೆ ಕೈ ಇಟ್ಟುಕೊಂಡೇ ಕೂತಳು. ಒಳಗೆ, ಕಣ್ಣಿಗೆ ಕಾಣದ ಹುದುಗಿನ ಜೀವಗಳು ಗುಳುಗುಳು ಅಂತ ಕೆಲಸಕ್ಕಿಳಿದವು.

ಮೊದಲು ಗೊಗ್ಗರ ಬೆಂಕಿ ಉಡವನ್ನು ಕಳಿಸಿದ. ಅದು ಮನೆಯನ್ನು ಸುತ್ತಿ ಮಲಗಿತು. ಗೋಡೆ ರೊಟ್ಟಿಯ ಹೆಂಚಾಯಿತು. ಸಣ್ಣೀರಿ ಹೆದರಲಿಲ್ಲ. ಗಡಿಗೆಯನ್ನು ಕಲ್ಲು ತೊಟ್ಟಿಯ ಬಾವಿನೀರಿನಲ್ಲಿ ಕೂರಿಸಿದಳು. ಮೇಲೆ ತನ್ನ ಹಳೇ ಸೀರೆ ಸುತ್ತಿ, ಅದರ ಅಂಚು ನೀರಿಗೆ ಬಿಟ್ಟು, ಮೊರದಿಂದ ಗಾಳಿ ಬೀಸಿದಳು. ಸೀರೆ ಒಣಗಿದಂತೆಲ್ಲ ಗಡಿಗೆ ತಂಪಾಯಿತು. ಕೊನೆಗೆ ಉಡವೇ ನಾಲಗೆ ಚಾಚಿ ಕೇಳಿತು: "ಅಕ್ಕಾ, ನನ್ನ ಮೈಯೂ ಉರೀತದೆ. ನನಗೂ ಒಂದು ಒದ್ದೆ ಬಟ್ಟೆ ಕೊಡ್ತೀಯಾ?" ಪಾಪ, ಹುಟ್ಟಿದಾಗಿನಿಂದ ಯಾರೂ ಅದಕ್ಕೆ ನೀರು ಎರೆದಿರಲಿಲ್ಲ. ಸಣ್ಣೀರಿ ಎರೆದಳು. ಉಡ ಅವಳ ಹಿತ್ತಿಲಲ್ಲೇ ಉಳಿಯಿತು.

ಎರಡನೆಯದಾಗಿ ಹಿಮಗೂಳಿ ಬಂತು. ಅದು ಒಂದು ಉಸಿರು ಬಿಟ್ಟದ್ದೇ ತೊಟ್ಟಿಯ ನೀರು ಗಾಜಾಯಿತು, ಗಡಿಗೆಯ ಗುಳುಗುಳು ನಿಂತುಹೋಯಿತು. ಸಣ್ಣೀರಿ ಗಡಿಗೆಯನ್ನು ಎತ್ತಿ, ಒರೆಸಿ, ಹುಲ್ಲು ಸುತ್ತಿ ಉಡವನ್ನು ಕರೆದಳು: "ಬಾರೋ ತಮ್ಮಾ. ಮೈಮೇಲೆ ಬೀಳಬೇಡ, ಆ ಮೂಲೆಯಲ್ಲಿ ಮಲಗು. ಅವಸರದ ಬಿಸಿ ಬೇಡ, ಸಾವಕಾಶ ಬೆಚ್ಚಗಾಗಲಿ." ಉಡ ಮಲಗಿತು, ಅವಳು ಕಿವಿಗೊಟ್ಟು ಕಾದಳು. ಕಡೆಗೊಮ್ಮೆ ಗುಳುಕ್ ಅಂತು. ಸಣ್ಣೀರಿ "ಭಲೆ ನನ್ನ ಕಂದಮ್ಮಗಳಾ!" ಅಂತ ಚಪ್ಪಾಳೆ ತಟ್ಟಿದಳು. ಗೂಳಿಗೆ ಒಂದು ಹಿಡಿ ಜವೆ ಕೊಟ್ಟಳು. ಉಂಡ ಮನೆಗೆ ಎರಡು ಬಗೆಯುವುದುಂಟೇ? ಅದೂ ಅಲ್ಲೇ ಗೂಟಕ್ಕೆ ಕಟ್ಟಿಸಿಕೊಂಡಿತು.

ಮೂರನೆಯ ಸಲ ಗೊಗ್ಗರ ತಾನೇ ಬಂದ, ಮುದುಕಿ ಸೂಲಗಿತ್ತಿಯ ವೇಷದಲ್ಲಿ. ಅಂದು ಊರೆಲ್ಲ ಚಳಿಗೆ ಮುದುಡಿತ್ತು. ಗಡಿಗೆಯಲ್ಲಿ ಮಾತ್ರ ನೊರೆ ಉಕ್ಕುತ್ತಿತ್ತು.

"ಇದೇನೇ ಹುಡುಗಿ, ಬಾಣಂತೀನ ಹೀಗಾ ಚಳಿಗೆ ಬಿಡೋದು? ಹೊದಿಸೇ ಕಂಬಳಿ! ನಿಮ್ಮಜ್ಜಿ ನೋಡಿದ್ದರೆ ಎದೆ ಒಡಕೊಳ್ತಿದ್ದಳು," ಅಂತ ಮುದುಕಿ ಗದರಿದಳು. ಬಾಗಿಲಲ್ಲಿ ನೆರೆದ ನೆರೆಹೊರೆಯವರೂ, "ಹೌದು ಕಣೇ, ಪದ್ಧತಿ ಬಿಡಬೇಡ," ಅಂದರು.

ಸಣ್ಣೀರಿ ಗಡಿಗೆ ಮುಟ್ಟಿ ನೋಡಿದಳು. ಗಾಳಿ ಕೊರೆಯುತ್ತಿದೆ, ಗಡಿಗೆ ಸುಡುತ್ತಿದೆ! ಹುದುಗಿನ ಜೀವಗಳು ದುಡಿದು ದುಡಿದು ತಾವೇ ಬಿಸಿ ಎಬ್ಬಿಸಿದ್ದವು. ಊರಿನವರು ಇಷ್ಟು ವರ್ಷ ಕೋಣೆಯ ಚಳಿ ನೋಡಿದ್ದರೇ ಹೊರತು ಗಡಿಗೆಯ ಮೈ ಮುಟ್ಟಿರಲಿಲ್ಲ. ಹೆಂಡ ಕೆಡಿಸಿ ತಲೆ ಸಿಡಿಸುತ್ತಿದ್ದದ್ದು ಆ ಅತಿ ಬಿಸಿಯೇ!

"ಅಜ್ಜೀ, ಇದು ಬಾಣಂತಿಯಲ್ಲ. ಇದಕ್ಕೆ ಜ್ವರ ಬಂದಿದೆ," ಅಂದಳು. "ಜ್ವರ ಬಂದ ಮಗೂಗೆ ಕೆಂಡ ಇಡ್ತಾರಾ, ಹಣೆಗೆ ಒದ್ದೆ ಬಟ್ಟೆ ಹಾಕ್ತಾರಾ? ನೀನೇ ಹೇಳು." ಹುಲ್ಲು ಕಿತ್ತೆಸೆದು ಗೂಳಿಯನ್ನು ಹತ್ತಿರ ಕರೆದಳು. ಗೂಳಿ ಮೆಲ್ಲಗೆ ಊದಿತು. ಜ್ವರ ಇಳಿಯಿತು. ಮುದುಕಿ ಹಲ್ಲು ಕಡಿಯುತ್ತಾ ಹೊರಟುಹೋದಳು.

ನೊರೆ ಇಳಿದು ಹೆಂಡ ತಿಳಿಯಾದ ಮೇಲೆ ಸಣ್ಣೀರಿ ಗಡಿಗೆ ಹೊತ್ತು ಕೋಟೆಗೆ ಹೋದಳು. ತಮಟೆಯವರೂ ಸೇರಿ ಊರಿಗೆ ಊರೇ ಹಿಂದೆ ಬಂತು. ಗೊಗ್ಗರ ಕುಡಿದ, ಮತ್ತೆ ಕುಡಿದ, ಗಡಿಗೆ ಬೋರಲು ಹಾಕಿ ಕುಡಿದು ಗೊರಕೆ ಹೊಡೆದ.

ಬೆಳಗಾಯಿತು. ಗೊಗ್ಗರ ಎದ್ದು ತಲೆ ಮುಟ್ಟಿಕೊಂಡ. ಹತ್ತಿಯಷ್ಟು ಹಗುರ! ಆದರೆ ಸೋಲೊಪ್ಪುವ ಜಾತಿಯೇ ಅದು? ಎರಡೂ ಕೈಯಲ್ಲಿ ತಲೆ ಒತ್ತಿಕೊಂಡು, "ಅಯ್ಯೋ, ಸತ್ತೆ! ತಲೆ ಸೀಳ್ತಾ ಇದೆ! ನೀನು ಸೋತೆ!" ಅಂತ ನರಳಿ ಬೂದಿಗೆ ಕೈ ಹಾಕಿದ.

ಸಣ್ಣೀರಿ ಕದಲಲಿಲ್ಲ. "ಬಡೀರಪ್ಪಾ ತಮಟೆ!" ಅಂದಳು.

ತಮಟೆಯವರು ಅವನ ಕಿವಿಯ ಪಕ್ಕದಲ್ಲೇ ನಿಂತು ಬಾರಿಸಿದರು. ತಲೆನೋವಿನವನು ತಮಟೆ ಸದ್ದಿಗೆ ಮೈಲಿ ದೂರ ಓಡುತ್ತಾನೆ. ಇವನೋ, ನರಳುತ್ತಾ ನರಳುತ್ತಾ ಕಾಲಿನ ಹೆಬ್ಬೆರಳು ಅಲ್ಲಾಡಿಸಿದ. ಆಮೇಲೆ ಪಾದ ಕುಣಿಯಿತು. ಆಮೇಲೆ ಸೊಂಟ! ತಲೆ ಒತ್ತಿಕೊಂಡಿದ್ದ ಕೈ ಯಾವಾಗ ಮೇಲೆ ಹೋಗಿ ತಾಳ ಹಾಕಿತೋ ಅವನಿಗೇ ತಿಳಿಯಲಿಲ್ಲ. ಜನ ಘೊಳ್ಳೆಂದು ನಕ್ಕರು. ಸುಳ್ಳು ಬಯಲಾದರೆ ಮಾಂತ್ರಿಕನ ಮಂತ್ರವೆಲ್ಲ ಬಿದ್ದುಹೋಗುತ್ತದೆ, ಅವನ ಬೂದಿ ಬರೀ ಒಲೆಬೂದಿ. ಅವನು ಎರಚಿದ, ಅದು ಗಾಳಿಗೆ ಹಾರಿ ಅವನ ಗಡ್ಡಕ್ಕೇ ಮೆತ್ತಿತು.

ಚಟ್ ಚಟ್ ಅಂತ ಕಲ್ಲುಗಳು ಬಿರಿದವು. ಒಬ್ಬೊಬ್ಬರೇ ಆಕಳಿಸುತ್ತಾ ಹೊರಬಂದರು. ಸಣ್ಣೀರಿ ಸೆರಗು ಕಟ್ಟಿ ಮನೆಯ ಕಡೆ ಓಡಿದಳು, ತಮಟೆಯವರು ಅವಳ ಹಿಂದೆ ಬಾರಿಸುತ್ತಲೇ ಓಡಿದರು. ದ್ಯಾವ ಅಂಗಳದಲ್ಲಿ ಮೈ ಕೊಡವುತ್ತಾ ಕಣ್ಣುಜ್ಜುತ್ತಾ ನಿಂತಿದ್ದ.

"ಏನೇ ಇದು ತಮಟೆ? ಯಾರ ಮದುವೆ?" ಅಂದ.

"ನಿಂದೇ ಕಣೋ, ನನ್ನ ಜೊತೆ ಇನ್ನೊಂದು ಸಲ!" ಅಂತ ಅವನ ಬೆನ್ನಿಗೊಂದು ಗುದ್ದಿ, ಕುತ್ತಿಗೆಗೆ ಜೋತುಬಿದ್ದು ಸಣ್ಣೀರಿ ಜೋರಾಗಿ ಅತ್ತಳು.

ಊರಿಗೆಲ್ಲ ಊಟವಾಯಿತು. ಅವರು ನೂರು ವರ್ಷ ನಗುನಗುತ್ತಾ ಬಾಳಿದರು, ಕೇಳಿದ ನೀವೂ ಹಾಗೇ ಬಾಳಿ.